ಬೋರ್ಡಿಲ್ಲದ ಬೋರ್ಡಿನ ಅಂಗಡಿ

ಬಾಗಲಕೋಟೆ ನವನಗರದಲ್ಲಿ ಬೋರ್ಡ್ ಬರೆಯುವ ಒಂದು ಅಂಗಡಿ ಇದೆ. ಅದಕ್ಕೇ ಬೋರ್ಡ್ ಇಲ್ಲ. ಮೊದಲ ದಿನ ಅದರ ಮುಂದೆ ಎರಡು ಸಲ ಹಾದು ಹೋದೆ. ಮೂರನೇ ಸಲ ಚಹಾದಂಗಡಿಯವನನ್ನು ಕೇಳಿದೆ. ಆತ ಕೈಯಲ್ಲಿದ್ದ ಸೋಸಣಿಗೆಯಿಂದಲೇ ತೋರಿಸಿದ. ಒಂದು ಶಟರ್, ಅರ್ಧ ಎತ್ತಿದ್ದು. ಒಳಗೆ ಬಣ್ಣದ ಡಬ್ಬಿ, ಪ್ಲೈವುಡ್ ಹಲಗೆ, ಮೂಲೆಯಲ್ಲಿ ಒಂದು ಕಂಪ್ಯೂಟರ್. ಬೋರ್ಡ್ ಯಾಕಿಲ್ಲ ಅಂತ ಆಮೇಲೆ ಕೇಳಿದ್ದಕ್ಕೆ ಬೋರ್ಡ್ ಬರೆಯುವ ಅಜ್ಜ, "ಗಿರಾಕಿದು ಮುಗದ ಮ್ಯಾಲ ನಮ್ಮದು ಬರಕೋಬೇಕು ಅಂತ ಅದೀನ್ರೀ, ಇನ್ನಾ ಮುಗದಿಲ್ಲ" ಅಂದರು.

ಮೊದಲೇ ಹೇಳಿಬಿಡುತ್ತೇನೆ, ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು ಸ್ಟಾರ್. ಒಂದು ಯಾಕೆ ಕಡಿಮೆ ಅನ್ನೋದನ್ನು ಕೊನೆಗೆ ಹೇಳುತ್ತೇನೆ. ಅವಸರದ ಕೆಲಸ ಇದ್ದವರು ಅದನ್ನೇ ಮೊದಲು ಓದಿಕೊಳ್ಳಿ.

ನಾನು ಜಿಲ್ಲೆಯ ಒಂದು ಸಣ್ಣ ಆರ್ಟ್ಸ್ ಕಾಲೇಜಿನಲ್ಲಿ ಗ್ರಂಥಪಾಲಕಿ. ಬಿ.ಎ. ಒಂದೇ ಕೋರ್ಸು. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಐಚ್ಛಿಕ ಕನ್ನಡ. ಐಚ್ಛಿಕ ಇಂಗ್ಲಿಷ್ ಇತ್ತು, ಮುಚ್ಚಿಹೋಯಿತು. ಅದರ ಪುಸ್ತಕಗಳು ಮಾತ್ರ ನನ್ನ ಹತ್ತಿರ ಉಳಿದಿವೆ. ನಮ್ಮ ಕಾಲೇಜಿಗೆ ನ್ಯಾಕ್ ತಂಡ, ಅಂದರೆ ಕಾಲೇಜುಗಳ ಗುಣಮಟ್ಟ ಅಳೆಯುವವರು, ಬರುವುದಿತ್ತು. ತಂಡ ಬರುತ್ತದೆ ಅಂದರೆ ಒಳಗೆ ಏನೇನು ನಡೆಯುತ್ತದೆ ಅಂತ ಕಾಲೇಜಿನಲ್ಲಿ ಇದ್ದವರಿಗೇ ಗೊತ್ತು. ಬೇವಿನ ಗಿಡಕ್ಕೆ ಹೆಸರಿನ ಚೀಟಿ ಬರುತ್ತದೆ. ಶೌಚಾಲಯಕ್ಕೆ ಚಿಲಕ ಬರುತ್ತದೆ. ನ್ಯಾಕ್‌ನ ಐದನೇ ಮಾನದಂಡದಲ್ಲಿ ಹಳೆಯ ವಿದ್ಯಾರ್ಥಿಗಳ ಬಗ್ಗೆ ಒಂದು ಭಾಗ ಇತ್ತು. ಹಾಗಾಗಿ ಅವರಲ್ಲಿ ಹೆಸರು ಮಾಡಿದವರ ಒಂದು ಬೋರ್ಡ್ ನಮಗೂ ಬೇಕಾಯಿತು. ದಾಖಲಾತಿ ರಜಿಸ್ಟರುಗಳೆಲ್ಲ ಲೈಬ್ರರಿಯ ಅಟ್ಟದ ಮೇಲೆ ಇರುವುದರಿಂದ ಕೆಲಸ ನನ್ನ ತಲೆಗೆ ಬಂತು.

ಪ್ರಾಚಾರ್ಯರು ಆ ವಾರ ರಾತ್ರಿ ಕೂತು ಅಮೆರಿಕದ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜುಗಳ (ಕಲೆಯ ಜೊತೆ ವಿಜ್ಞಾನವನ್ನೂ ಕಲಿಸುವಂಥವು) ಬಗ್ಗೆ ಓದಿದ್ದರು. ಬೆಳಿಗ್ಗೆ ಬಂದು ಒಂದೊಂದೇ ಹೇಳಿದರು. ಮಿನೆಸೋಟದ ಮ್ಯಾಕಲೆಸ್ಟರ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿದ ಘಾನಾದ ಹುಡುಗ ಕೋಫಿ ಅನ್ನಾನ್. ಮುಂದೆ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ, 2001ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ. ಇಲಿನಾಯ್‌ನ ಯುರೇಕಾ ಕಾಲೇಜಿನ 1932ರ ಪದವೀಧರ ರೊನಾಲ್ಡ್ ರೇಗನ್, ಮುಂದೆ ಅಮೆರಿಕದ ಅಧ್ಯಕ್ಷ. "ಎಲ್ಲಾ ನಮ್ಮಂಥಾ ಸಣ್ಣ ಕಾಲೇಜೇ ಮೇಡಂ. ನಮ್ಮಲ್ಲೂ ಯಾರಾದ್ರೂ ಇದ್ದೇ ಇರ್ತಾರೆ, ಹುಡುಕಿ." ನಾನೂ ಸುಮ್ನೆ ಇರಬೇಕಿತ್ತು. ಮೇನ್ ರಾಜ್ಯದ ಬೌಡನ್ ಕಾಲೇಜಿನಲ್ಲಿ ಕವಿ ಲಾಂಗ್‌ಫೆಲೋ, ಕಾದಂಬರಿಕಾರ ಹಾಥಾರ್ನ್ ಇಬ್ಬರೂ 1825ರ ಒಂದೇ ಬ್ಯಾಚು ಅಂತ ನನಗೆ ಗೊತ್ತಿದ್ದದ್ದನ್ನು ಹೇಳಿಬಿಟ್ಟೆ. ಐಚ್ಛಿಕ ಇಂಗ್ಲಿಷಿನ ಕಪಾಟು ಧೂಳು ಹೊಡೆಯುವಾಗ ಇಂಥದ್ದೆಲ್ಲ ತಲೆಗೆ ಹೋಗುತ್ತದೆ. ಪ್ರಾಚಾರ್ಯರ ಕಣ್ಣು ಇನ್ನೂ ದೊಡ್ಡದಾಯಿತು.

ನಾನು ಅಟ್ಟ ಹತ್ತಿದೆ. ರಜಿಸ್ಟರುಗಳು ಮೂರು ಥರ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಕಾಲದ್ದು ಉದ್ದನೆಯ ಕೆಂಪು ಬೈಂಡಿನವು. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಬಂದ ಮೇಲಿನವು ಕಂಪ್ಯೂಟರ್ ಹಾಳೆ. ಈಗ 2023ರಿಂದ ಜಮಖಂಡಿಯ ಬಾಗಲಕೋಟೆ ವಿಶ್ವವಿದ್ಯಾಲಯದ್ದು. ಕಾಲೇಜು ಒಂದೇ ಜಾಗದಲ್ಲಿ ಕೂತಿದೆ, ಸರ್ಟಿಫಿಕೇಟಿನ ಮೇಲಿನ ಊರು ಮಾತ್ರ ಬದಲಾಗುತ್ತಾ ಬಂದಿದೆ.

ನಮ್ಮ ಭಾಗದಿಂದ ದೊಡ್ಡ ಹೆಸರು ಮಾಡಿದವರು ಯಾರು ಅಂತ ನೋಡಿದರೆ ಎಲ್ಲರೂ ಹೊರಗೆ ಹೋಗಿ ಓದಿದವರೇ. ಮುಧೋಳದ ರನ್ನನಿಂದಲೇ ಶುರುವಾಗುತ್ತದೆ. ಬಳೆಗಾರರ ಮನೆಯ ಹುಡುಗ, ಸಾವಿರ ವರ್ಷದ ಹಿಂದೆ ಓದಲಿಕ್ಕೆ ಶ್ರವಣಬೆಳಗೊಳಕ್ಕೆ ಹೋದ. ಸಾವಳಗಿಯ ಬಿ.ಡಿ. ಜತ್ತಿ ಉಪರಾಷ್ಟ್ರಪತಿ ಆದವರು, 1977ರಲ್ಲಿ ಕೆಲವು ತಿಂಗಳು ಹಂಗಾಮಿ ರಾಷ್ಟ್ರಪತಿ ಕೂಡ. ಅವರ ಬಿ.ಎ. ಆದದ್ದು ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ. ಮತ್ತೆಲ್ಲಿ ಹೋಗಬೇಕಿತ್ತು? ಅವರು ಹುಟ್ಟಿದ್ದು 1912ರಲ್ಲಿ. ಧಾರವಾಡದ ಕರ್ನಾಟಕ ಕಾಲೇಜು ಇತ್ತು, 1917ರದು, ಆದರೆ ಅದೂ ಹೊರಗಿನದೇ. ಬೆಳಗಾವಿಗೆ ಲಿಂಗರಾಜ ಕಾಲೇಜು ಬಂದದ್ದೇ 1933ರಲ್ಲಿ. ಆ ಲಿಂಗರಾಜ ಕಾಲೇಜಿನ ಮೆಟ್ಟಿಲು ಹತ್ತಿದವರು ಘೋಡಗೇರಿಯ ಚಂದ್ರಶೇಖರ ಕಂಬಾರ, ಮುಂದೆ ಜ್ಞಾನಪೀಠ ಪಡೆದರು. ಬಾಗಲಕೋಟೆ, ವಿಜಯಪುರಕ್ಕೆ ಕಾಲೇಜು ಬಂದದ್ದು 1940ರ ದಶಕದಲ್ಲಿ. ಸಿಂದಗಿ ಕಡೆಯ ಯರಗಲ್ಲದ ಸಂಶೋಧಕ ಎಂ.ಎಂ. ಕಲಬುರ್ಗಿ ವಿಜಯಪುರದಲ್ಲಿ ಪದವಿ ಓದಿ ಧಾರವಾಡಕ್ಕೆ ಹೋದರು. ಇನ್ನು ಬೀಳಗಿಯ ಅಮೀರಬಾಯಿ ಕರ್ನಾಟಕಿ ಮುಂಬೈಗೆ ಹೋದದ್ದು ಹಾಡಲಿಕ್ಕೆ, ಸಿನಿಮಾಕ್ಕೆ. ಕಾಲೇಜಿಗಲ್ಲ.

ನಮ್ಮ ಕಾಲೇಜಿನ ರಜಿಸ್ಟರಿನಲ್ಲಿ ಇರುವವರು ಬೇರೆ ಜನ. ಕೊಲ್ಹಾಪುರ ಬಿಡಿ, ಬಾಗಲಕೋಟೆಗೂ ಹೋಗಲಾಗದವರು. ಬೆಳಿಗ್ಗೆ ಹೊಲಕ್ಕೆ ನೀರು ಬಿಟ್ಟು ಹತ್ತೂವರೆಗೆ ಕ್ಲಾಸಿಗೆ ಬಂದವರು. ತಂದೆಯ ಉದ್ಯೋಗ ಅನ್ನುವ ಕಾಲಂ ಓದುತ್ತಾ ಹೋದರೆ ಒಕ್ಕಲುತನ, ಕೂಲಿ, ನೇಕಾರ, ಕೂಲಿ, ಒಕ್ಕಲುತನ, ಕುರಿ. ಪ್ರಾಚಾರ್ಯರಿಗೆ ಬೇಕಾದದ್ದು ಇವರಲ್ಲಿ ಒಬ್ಬ ಕಂಬಾರ. ನನಗೆ ಸಿಕ್ಕಿದ್ದು ಒಬ್ಬ ಕೆಎಎಸ್ ಅಧಿಕಾರಿ, ಇಬ್ಬರು ಪ್ರಾಧ್ಯಾಪಕರು, ಬ್ಯಾಂಕು, ಕೆಎಸ್‌ಆರ್‌ಟಿಸಿ, ಸೈನ್ಯ, ಒಬ್ಬ ಡೊಳ್ಳಿನ ಪದದ ಹಾಡುಗಾರ, ಲೆಕ್ಕ ತಪ್ಪುವಷ್ಟು ಮಾಸ್ತರರು. ಮೂರು ಮೀಟಿಂಗ್ ಆಗಿ 24 ಹೆಸರು ನಿಂತವು. ಯಾರು ಗಣ್ಯ, ಯಾರು ಅಲ್ಲ ಅನ್ನುವ ಜಗಳದಲ್ಲಿ ಒಂದು ಕಪ್ಪು ಒಡೆಯಿತು. ಅದು ಆಫೀಸಿನ ಕಪ್ಪು.

ಮೊದಲು ಈ ಕೆಲಸ ಬೇರೆ ಕಡೆ ಕೊಟ್ಟಿದ್ದೆವು, ಫ್ಲೆಕ್ಸ್ ಹಾಕುವವರಿಗೆ. ಯಾರು, ಎಲ್ಲಿ ಅಂತ ಹೇಳುವುದಿಲ್ಲ. ಚದರ ಅಡಿಗೆ 15 ರೂಪಾಯಿ, ಆರು ಅಡಿ ನಾಲ್ಕು ಅಡಿ, 360 ರೂಪಾಯಿಗೆ ಮುಗಿಯಿತಲ್ಲ ಅಂತ ಎಲ್ಲರಿಗೂ ಖುಷಿ. ಸಂಜೆಯೇ ಬಂತು. ಬಿಚ್ಚಿದರೆ ಮೇಲೆ ದೊಡ್ಡದಾಗಿ "ಹಳೆಯ ವಿದ್ಯಾಥರ್ಿಗಳು". ಅದರ ಕೆಳಗೆ "ಕನರ್ಾಟಕ ವಿಶ್ವವಿದ್ಯಾಲಯ".

ಇದನ್ನು ನೀವೆಲ್ಲ ನೋಡಿರುತ್ತೀರಿ. ಮದುವೆ ಪತ್ರಿಕೆಯಲ್ಲಿ, ಸರಕಾರಿ ನೋಟಿಸಿನಲ್ಲಿ, ಎಲ್ಲ ಕಡೆ. ಯಾಕೆ ಹೀಗಾಗುತ್ತದೆ ಅಂತ ನನಗೆ ಗೊತ್ತಾದದ್ದು ಈ ನವನಗರದ ಅಂಗಡಿಯಲ್ಲಿ. ಅಜ್ಜನ ಮಗ ಕಂಪ್ಯೂಟರ್ ಕೆಲಸ ಮಾಡುತ್ತಾನೆ, ಅವನು ತೋರಿಸಿಕೊಟ್ಟ. ನಮ್ಮ ಗುಮಾಸ್ತರು ಟೈಪ್ ಮಾಡಿದ್ದು ಹಳೆಯ ನುಡಿ ಫಾಂಟಿನಲ್ಲಿ. ಅದರಲ್ಲಿ ಅರ್ಕಾವತ್ತು ಅಕ್ಷರ ಆದ ಮೇಲೆ ಒತ್ತುವ ಒಂದು ಬೇರೆ ಗುರುತು. ನಾವು ಕೈಯಲ್ಲಿ ಬರೆದ ಹಾಗೆಯೇ, ಮೊದಲು 'ಥಿ', ಆಮೇಲೆ ಪಕ್ಕದಲ್ಲಿ ಅರ್ಕಾವತ್ತು. ಈಗಿನ ಕಂಪ್ಯೂಟರ್, ಮೊಬೈಲುಗಳ ಯೂನಿಕೋಡಿನಲ್ಲಿ ಬಾಯಲ್ಲಿ ಹೇಳಿದ ಕ್ರಮ, ಮೊದಲು 'ರ್', ಆಮೇಲೆ 'ಥಿ'. ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಈ ಹಿಂದುಮುಂದನ್ನು ಸರಿ ಮಾಡದಿದ್ದರೆ 'ರ್' ಮಧ್ಯದಲ್ಲಿ ಸಿಕ್ಕಿಕೊಂಡು ಗುಡಿಸು ಒಂಟಿಯಾಗಿ ಹೊರಗೆ ನಿಲ್ಲುತ್ತದೆ. ಯಂತ್ರದ ತಪ್ಪು ಇರಬಹುದು. ಆದರೆ ಪ್ರಿಂಟ್ ಕೊಡುವ ಮುಂಚೆ ಒಬ್ಬ ಮನುಷ್ಯ ಒಂದು ಸಲ ಓದಬೇಕಿತ್ತು ಅಲ್ವಾ? ಫ್ಲೆಕ್ಸಿನವರು ಓದಲಿಲ್ಲ. ಕೇಳಿದ್ದಕ್ಕೆ, "ನೀವು ಕೊಟ್ಟ ಫೈಲೇ ಹಾಗಿದೆ" ಅಂದರು. ಇನ್ನು ಫೋಟೋಗಳ ಕಥೆ ಬೇಡ. ಗ್ರೂಪ್ ಫೋಟೋದಿಂದ ಕತ್ತರಿಸಿ ಒಂದು ಅಡಿಗೆ ಹಿಗ್ಗಿಸಿದ್ದರು. ಕೆಎಎಸ್ ಅಧಿಕಾರಿಗಳ ಮೂಗು ಚೆಸ್ ಬೋರ್ಡಿನ ಮನೆಗಳಂತೆ ಕಾಣುತ್ತಿತ್ತು.

ಆ ಫ್ಲೆಕ್ಸು ಈಗ ಸೈಕಲ್ ಸ್ಟ್ಯಾಂಡಿನ ಮೇಲೆ ತಲೆಕೆಳಗಾಗಿ ಮಲಗಿದೆ. ಮಳೆ ತಡೆಯುತ್ತದೆ. ಅಷ್ಟಕ್ಕೆ ಒಳ್ಳೆಯದೇ.

ಸರಿ, ಅಜ್ಜನ ಅಂಗಡಿಗೆ ಬರೋಣ. ಅವರಿಗೆ ಎಪ್ಪತ್ತರ ಹತ್ತಿರ. ಮೊದಲು ಅಂಗಡಿ ಇದ್ದದ್ದು ಹಳೇ ಬಾಗಲಕೋಟೆಯಲ್ಲಿ. ಆಲಮಟ್ಟಿಯ ಹಿನ್ನೀರು ಬಂದು ಮುಳುಗಡೆಯಾಗಿ ಇಲ್ಲಿಗೆ ಬಂದರು. ಬರುವ ಮುಂಚೆ, ಮುಳುಗುವ ಮನೆಗಳ ಗೋಡೆ ಮೇಲೆ ನಂಬರ್ ಬರೆಯುವ ಕೆಲಸ ಸಿಕ್ಕಿತ್ತಂತೆ. "ನಮ್ಮ ಅಂಗಡಿ ಮ್ಯಾಲೂ ನಾನ ಬರದೆ. ಚಂದಂಗ ಬರದಿದ್ದೆ" ಅಂದರು. ಇಲ್ಲಿಗೆ ಬಂದ ಮೇಲೆ ಸೆಕ್ಟರ್ ನಂಬರುಗಳು, ಆಫೀಸಿನ ಬಾಗಿಲ ಮೇಲಿನ ಹೆಸರುಗಳು, ಶಾಲೆಯ ಗೋಡೆಯ ಮೇಲಿನ ಭಾರತದ ನಕ್ಷೆ. ಫ್ಲೆಕ್ಸ್ ಬಂದ ಮೇಲೆ ಕೆಲಸ ಅರ್ಧಕ್ಕಿಂತ ಕೆಳಗಿಳಿಯಿತು. ಅದಕ್ಕೇ ಮಗ ಕಂಪ್ಯೂಟರ್ ಇಟ್ಟ. ಅಂಗಡಿಗಳ ಬೋರ್ಡಿನಲ್ಲಿ ಶೇ 60ರಷ್ಟು ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ಬಂತಲ್ಲ, ಆಗ ಒಂದಷ್ಟು ಕೆಲಸ ಬಂದದ್ದು ನಿಜವಂತೆ. ಅದೂ ಮಗನಿಗೆ, ಅಪ್ಪನಿಗಲ್ಲ.

ಅಜ್ಜ ನನ್ನ ಪಟ್ಟಿಯನ್ನು ಕೈಗೆ ತೆಗೆದುಕೊಂಡು ಕನ್ನಡಕ ಏರಿಸಿ ಜೋರಾಗಿ ಓದಿದರು. 24 ಹೆಸರೂ. ಮಧ್ಯೆ ಮಧ್ಯೆ "ಇವರ ಪೈಪಿನ ಅಂಗಡಿ ಬೋರ್ಡ್ ನಾನ ಬರದದ್ದು", "ಇವರ ಮನಿ ವಾಸ್ತುಶಾಂತಿಗೆ ಗಣಪತಿ ಬರದ್ಯಾ" ಅನ್ನುತ್ತಿದ್ದರು. ಹದಿನೇಳನೇ ಹೆಸರಿಗೆ ನಿಂತರು. "ಇವರು ಮತ್ತ ಐದನೇದವರು ಒಬ್ಬರ ಅಲ್ಲೇನ್ರೀ? ಒಂದ ಕಡೆ ಅಪ್ಪನ ಹೆಸರು ಮುಂದ ಐತಿ, ಒಂದ ಕಡೆ ಇನಿಷಿಯಲ್ ಐತಿ." ನೋಡಿದರೆ ಹೌದು. ಮೂರು ಮೀಟಿಂಗ್, ಏಳು ಜನ ಪ್ರಾಧ್ಯಾಪಕರು, ಒಬ್ಬ ಗ್ರಂಥಪಾಲಕಿ, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಪಟ್ಟಿ 23ಕ್ಕೆ ಇಳಿಯಿತು.

ಆಮೇಲೆ ತಲೆಬರಹ. "ಪದವೀಧರರು ಅಂತ ಬರೀಲೋ, ಹಳೇ ವಿದ್ಯಾರ್ಥಿಗಳು ಅಂತ ಬರೀಲೋ? ಎರಡೂ ಒಂದ ಅಲ್ರೀ." ಇದು ಬಹಳ ನಾಜೂಕಿನ ಪ್ರಶ್ನೆ. ನಮ್ಮ ಪಟ್ಟಿಯಲ್ಲಿ ಒಬ್ಬ ರಾಜಕಾರಣಿ ಇದ್ದಾರೆ. ಎರಡು ವರ್ಷ ಓದಿದ್ದಾರೆ, ಪಾಸಾದದ್ದು ರಜಿಸ್ಟರಿನಲ್ಲಿ ಎಲ್ಲೂ ಇಲ್ಲ. ಆದರೆ ಕಾಂಪೌಂಡ್ ಗೋಡೆ ಅವರ ದೇಣಿಗೆ. ಬಿಡುವ ಹಾಗಿಲ್ಲ. ಆಗ ನನಗೆ ನೆನಪಾದದ್ದು ರೀಡ್ ಕಾಲೇಜು. ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ 1972ರಲ್ಲಿ ಆರೆಗಾನ್‌ನ ಈ ಸಣ್ಣ ಲಿಬರಲ್ ಆರ್ಟ್ಸ್ ಕಾಲೇಜು ಸೇರಿದರು, ಒಂದೇ ಸೆಮಿಸ್ಟರಿಗೆ ಬಿಟ್ಟರು. ಆದರೂ ಆ ಕಾಲೇಜಿನ ಹೆಸರು ಬಂದಾಗೆಲ್ಲ ಅವರ ಹೆಸರು ಬರುತ್ತದೆ. ಅಜ್ಜನಿಗೆ ಇದನ್ನು ಹೇಳಿದೆ. ಬಿಟ್ಟ ಮೇಲೂ ಅವರು ಕಾಲೇಜಿನ ಸುತ್ತ ಓಡಾಡಿಕೊಂಡು, ಅಂದವಾಗಿ ಅಕ್ಷರ ಬರೆಯುವ ಕ್ಲಾಸಿಗೆ ಹೋಗಿ ಕೂರುತ್ತಿದ್ದರು, ಹತ್ತು ವರ್ಷ ಆದ ಮೇಲೆ ಮ್ಯಾಕ್ ಕಂಪ್ಯೂಟರಿಗೆ ಚೆಂದದ ಫಾಂಟುಗಳು ಬಂದದ್ದು ಅದರಿಂದಲೇ ಅಂತ ಅವರೇ ಹೇಳಿಕೊಂಡಿದ್ದಾರೆ ಅಂದೆ. ಅಜ್ಜ ಮಗನ ಕಡೆ ತಿರುಗಿದರು. "ಕೇಳ್ದಿ? ಕಂಪ್ಯೂಟರ್ ಮಾಡಿದಾಂವಾನೂ ಮೊದಲ ಅಕ್ಷರಾ ತಿದ್ದ್ಯಾನು." ಮಗ ಸ್ಕ್ರೀನಿನಿಂದ ತಲೆ ಎತ್ತಲಿಲ್ಲ.

"ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು" ಅಂತ ನಿಂತಿತು. ಹೆಸರಿನ ಮುಂದೆ ಪದವಿ ಪಡೆದ ವರ್ಷ. ರಾಜಕಾರಣಿಯ ಮುಂದೆ ಒಂದು ಅಡ್ಡಗೆರೆ.

ಹುದ್ದೆಯನ್ನೂ ಬರೆಸಬೇಕು ಅಂತ ಪ್ರಾಚಾರ್ಯರ ಆಸೆ. ಅಜ್ಜ ಒಪ್ಪಲಿಲ್ಲ. ಹುದ್ದೆ ಬರೆದರೆ ನಾಳೆ ಬಡ್ತಿ ಆಯಿತು, ವರ್ಗ ಆಯಿತು, ರಿಟೈರ್ ಆದರು ಅಂತ ದಿನಾ ತಿದ್ದಬೇಕಾಗುತ್ತದೆ ಅಂದರು. "ಹೆಸರಿಗೆ ವರ್ಗಾವಣಿ ಇಲ್ರೀ." ಜಾಗದ ಲೆಕ್ಕವೂ ಇತ್ತು. ಹುದ್ದೆ ಸೇರಿಸಿದರೆ ಅಕ್ಷರ ಒಂದು ಇಂಚಿಗಿಂತ ಸಣ್ಣದಾಗುತ್ತದೆ, ಹತ್ತು ಅಡಿ ದೂರದಿಂದ ಕಾಣುವುದಿಲ್ಲ. ಹುದ್ದೆಗಳೆಲ್ಲ ಲೈಬ್ರರಿಯ ಒಂದು ಫೈಲಿನಲ್ಲಿ ಉಳಿದವು.

ಪಟ್ಟಿ ವಾಪಸ್ ಕೊಡುವಾಗ ಇನ್ನೊಂದು ಮಾತು ಬಂತು. "ಮೇಡಂರೀ, ಇದರಾಗ ಒಬ್ಬ ಹೆಣಮಗಳ ಹೆಸರೂ ಇಲ್ಲಲ್ರೀ. ಗಂಡಹುಡುಗರ ಕಾಲೇಜೇನ್ರೀ?" ನನಗೆ ನಾಚಿಕೆ ಆಯಿತು. ಮೀಟಿಂಗಿನಲ್ಲಿ ಇದ್ದ ಒಬ್ಬಳೇ ಹೆಂಗಸು ನಾನು. ಹೊಳೆಯಲೇ ಇಲ್ಲ ಅಂದರೆ ಸುಳ್ಳು. ಹೊಳೆದಿತ್ತು, ಹುಡುಕುವುದು ಕಷ್ಟ ಅಂತ ಸುಮ್ಮನಿದ್ದೆ. ರಜಿಸ್ಟರಿನಲ್ಲಿ ಹುಡುಗಿಯ ಹೆಸರು, ಅವಳ ತಂದೆಯ ಹೆಸರು, ತವರಿನ ಅಡ್ಡಹೆಸರು ಇರುತ್ತದೆ. ಮದುವೆಯಾದ ಮೇಲೆ ಮೂರರಲ್ಲಿ ಎರಡು ಹೋಗುತ್ತವೆ. ಕೆಲವರ ಮನೆಯಲ್ಲಿ ಮೂರೂ. ಗಂಡಸರನ್ನು ಫೋನಿನಲ್ಲಿ ಹುಡುಕಬಹುದು. ಹೆಂಗಸರನ್ನು ಹುಡುಕಲು ಅವರ ತವರಿನ ಓಣಿಗೇ ಹೋಗಬೇಕು. ಹೋದೆ. ಎರಡು ಶನಿವಾರ, ಒಂದು ಭಾನುವಾರ. ಒಂದು ಮನೆಯಲ್ಲಿ ಅಣ್ಣನಿಗೆ ತಂಗಿಯ ನಂಬರೇ ಗೊತ್ತಿರಲಿಲ್ಲ, ಅತ್ತಿಗೆಗೆ ಗೊತ್ತಿತ್ತು.

ಐದು ಜನ ಸಿಕ್ಕರು. ಸರಕಾರಿ ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಒಬ್ಬರು, ಒಬ್ಬರು ಪಿಡಿಒ, ಒಬ್ಬರು ಪೊಲೀಸ್ ಎಎಸ್‌ಐ. ಒಬ್ಬರು ಸೋಬಾನೆ ಪದಗಳ ಮೇಲೆ ಪಿಎಚ್‌ಡಿ ಮಾಡಿದ್ದಾರೆ. ಅದು ನಮ್ಮ ಕಾಲೇಜಿನ ಕನ್ನಡ ವಿಭಾಗಕ್ಕೇ ಗೊತ್ತಿರಲಿಲ್ಲ. ಇನ್ನೊಬ್ಬರು ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯಿಸುತ್ತಾರೆ. ಮಗ್ಗದ ಸಪ್ಪಳದಲ್ಲೇ ಮಾತಾಡಿದರು. "ನಾನ್ಯಾಕ್ರೀ ಬೋರ್ಡಿನ್ಯಾಗ? ನಾನೇನ್ ನೌಕರಿ ಮಾಡೀನಿ?" ಅವರ ಹತ್ತಿರ ಕೆಲಸ ಮಾಡುವವರು ಎಷ್ಟು ಜನ ಅಂತ ಕೇಳಿದೆ. ಹದಿನಾಲ್ಕು ಅಂದರು. ನಮ್ಮ ಕಾಲೇಜಿನ ಸಿಬ್ಬಂದಿಯೇ ಹನ್ನೊಂದು.

ಯಾವ ಹೆಸರು ಬರೆಸಲಿ ಅಂತ ಐವರಿಗೂ ಕೇಳಿದೆ. ಮೂವರು ತವರಿನದೇ ಇರಲಿ, ಮಾರ್ಕ್ಸ್ ಕಾರ್ಡಿನಲ್ಲಿ ಅದೇ ಇದೆ ಅಂದರು. ಒಬ್ಬರು ಗಂಡನ ಮನೆಯದು. ಮುಖ್ಯೋಪಾಧ್ಯಾಯಿನಿ ಎರಡೂ ಬೇಕು ಅಂದರು. ಅಜ್ಜನಿಗೆ ಆ ಸಾಲು ತಲೆನೋವು. ಉಳಿದವೆಲ್ಲ ಇಪ್ಪತ್ತು ಇಪ್ಪತ್ತೆರಡು ಅಕ್ಷರ, ಇದು ಮೂವತ್ತೊಂದು. ಇನಿಷಿಯಲ್ ಮಾಡೋಣವೇ ಅಂದೆ. "ಬ್ಯಾಡ್ರೀ, ಆಕಿ ಹೇಳಿದಂಗ ಇರ್ಲಿ. ನಾ ಹೊಂದಸ್ತೀನಿ" ಅಂದರು. ಹೊಂದಿಸಿದ್ದಾರೆ. ಹೇಗೆ ಅಂತ ನನಗೆ ಈಗಲೂ ಗೊತ್ತಾಗುವುದಿಲ್ಲ. ಅಕ್ಷರ ಸಣ್ಣದಾಗಿಲ್ಲ, ಒತ್ತೊತ್ತಾಗಿಯೂ ಕಾಣುವುದಿಲ್ಲ.

ಬರೆಯುವುದನ್ನು ಒಂದು ಮಧ್ಯಾಹ್ನ ಪೂರ್ತಿ ಕೂತು ನೋಡಿದೆ. 12 ಎಂಎಂ ಪ್ಲೈವುಡ್ಡಿಗೆ ಮೊದಲು ಪ್ರೈಮರ್, ಉಜ್ಜುವುದು, ಮತ್ತೆ ಎರಡು ಕೋಟ್ ಕಡುಹಸಿರು ಎನಾಮಲ್. ಪ್ರತಿ ಕೋಟೂ ಒಂದು ರಾತ್ರಿ ಒಣಗಬೇಕು. ಆಮೇಲೆ ದಾರಕ್ಕೆ ಸೀಮೆಸುಣ್ಣದ ಪುಡಿ ಸವರಿ, ಎರಡು ಕಡೆ ಹಿಡಿದು, ನಡುವೆ ಎಳೆದು ಬಿಟ್ಟರೆ ಹಲಗೆ ಮೇಲೆ ಬಿಳಿ ಗೆರೆ. ಸಾಲುಗಳ ನಡುವಿನ ಜಾಗ ನನಗೆ ಜಾಸ್ತಿ ಅನ್ನಿಸಿತು. ಅಜ್ಜ ನಕ್ಕರು. ಇಂಗ್ಲಿಷ್ ಅಕ್ಷರ ಗೆರೆಯ ಮೇಲೆ ಮಂಡಿ ಹಾಕಿ ಕೂರುತ್ತವೆ, ಕನ್ನಡದವು ಕಟ್ಟೆಯ ಮೇಲೆ ಕೂತ ಹುಡುಗರ ಹಾಗೆ ಕಾಲು ಇಳಿಬಿಡುತ್ತವೆ, ಒತ್ತಕ್ಷರಕ್ಕೆ ಕೆಳಗೆ ಜಾಗ ಬೇಕು ಅಂತ ವಿವರಿಸಿದರು. ಆ ಫ್ಲೆಕ್ಸಿನಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಬಡಿದಿತ್ತು. ಏನೋ ಸರಿಯಿಲ್ಲ ಅಂತ ಆಗ ಅನ್ನಿಸಿತ್ತು, ಏನು ಅಂತ ಗೊತ್ತಾಗಿರಲಿಲ್ಲ.

ಎಡಗೈಯಲ್ಲಿ ಒಂದು ಕೋಲು, ತುದಿಗೆ ಬಟ್ಟೆಯ ಉಂಡೆ. ಅದನ್ನು ಹಲಗೆಗೆ ಆನಿಸಿ, ಬಲಗೈ ಮಣಿಕಟ್ಟನ್ನು ಅದರ ಮೇಲೆ ಇಟ್ಟು ಬರೆಯುತ್ತಾರೆ. ಸುಮ್ಮನೆ ಇರುವಾಗ ಅವರ ಕೈ ಸ್ವಲ್ಪ ನಡುಗುತ್ತದೆ. ಬ್ರಷ್ಷು ಹಲಗೆಗೆ ತಾಗಿದ ಮೇಲೆ ನಡುಗುವುದಿಲ್ಲ. ಅಕ್ಷರದ ಹೊಟ್ಟೆ ಮೊದಲು, ತಲೆಕಟ್ಟು ಕೊನೆಗೆ. ಒಂದು ಸಾಲಿನ ಎಲ್ಲ ಅಕ್ಷರ ಮುಗಿದ ಮೇಲೆ ತಲೆಕಟ್ಟುಗಳನ್ನು ಒಂದೇ ಸಮ ಹಾಕುತ್ತಾ ಹೋಗುತ್ತಾರೆ, ಮಕ್ಕಳಿಗೆಲ್ಲ ಸಾಲಾಗಿ ಟೋಪಿ ಇಟ್ಟ ಹಾಗೆ.

ದರದ ಲೆಕ್ಕ ಅಕ್ಷರಕ್ಕೆ ಎಂಟು ರೂಪಾಯಿ. ಒತ್ತಿಗೆ ಬೇರೆ ದುಡ್ಡಿಲ್ಲ. 'ಸ್ತ್ರೀ' ಅಂತ ಬರೆದರೂ ಒಂದೇ ಅಕ್ಷರ. ಅಂಕಿ ಉಚಿತ. ಆದರೆ "ಡಾ." ಅಂತ ಬರೆದರೆ ಚುಕ್ಕೆ ಸಮೇತ ಎರಡು ಅಕ್ಷರದ ದುಡ್ಡು. ಇದು ಅವರೇ ಮಾಡಿಕೊಂಡ ಕಾಯ್ದೆ. ಯಾಕೆ ಅಂದರೆ, "ಆ ಚುಕ್ಕಿಗೆ ಭಾಳ ಜನ ಜಗಳಾ ಮಾಡ್ತಾರ್ರೀ" ಅಂದರು. ಒಟ್ಟು 640 ಅಕ್ಷರ, 5,120 ರೂಪಾಯಿ. ಪ್ಲೈ ಮತ್ತು ಸಾಗವಾನಿ ಪಟ್ಟಿಯ ಚೌಕಟ್ಟು 4,300. ಬಣ್ಣ, ಪ್ರೈಮರ್ 900. ಎಲ್ಲ ಸೇರಿ 10,320, ಹತ್ತು ಸಾವಿರ ಕೊಡಿ ಅಂದರು. 360 ರೂಪಾಯಿಯ ಫ್ಲೆಕ್ಸ್ ನೋಡಿದ ಪ್ರಾಚಾರ್ಯರಿಗೆ ಇದನ್ನು ಹೇಳುವಾಗ ನಾನು ಬಾಗಿಲ ಹತ್ತಿರವೇ ನಿಂತಿದ್ದೆ.

ಈಗ ಒಂದು ಸ್ಟಾರ್ ಹೋದದ್ದು ಎಲ್ಲಿ ಅಂತ. ಹನ್ನೆರಡು ದಿನ ಅಂದವರು ಇಪ್ಪತ್ತೊಂದು ದಿನ ತೆಗೆದುಕೊಂಡರು. ಆಷಾಢದ ಗಾಳಿ, ಹಸಿ ಬಣ್ಣದ ಮೇಲೆ ಧೂಳು ಕೂರುತ್ತದೆ ಅನ್ನುವುದು ನಿಜ. ಆದರೆ ಅದನ್ನು ಫೋನ್ ಎತ್ತಿ ಹೇಳಬಹುದಿತ್ತು. ಅಜ್ಜ ಫೋನ್ ಎತ್ತುವುದಿಲ್ಲ. ಮಗ ಎತ್ತುತ್ತಾನೆ, "ಅಪ್ಪನ್ನ ಕೇಳಿ ಹೇಳ್ತೀನ್ರೀ" ಅಂತ ಇಟ್ಟುಬಿಡುತ್ತಾನೆ. ನ್ಯಾಕ್ ತಂಡ ಬರುವುದಕ್ಕೆ ಎರಡೇ ದಿನ ಇರುವಾಗ ಬೋರ್ಡ್ ಬಂತು. ಆ ವಾರ ಪ್ರಾಚಾರ್ಯರು ನನ್ನನ್ನು ಕಂಡರೆ ಗಡಿಯಾರ ನೋಡುತ್ತಿದ್ದರು.

ಎರಡನೆಯದು ಬಿಲ್ಲು. ಜಿಎಸ್‌ಟಿ ನಂಬರ್ ಇಲ್ಲ. ವರ್ಷಕ್ಕೆ 20 ಲಕ್ಷದೊಳಗಿನ ಇಂಥ ಕೆಲಸಕ್ಕೆ ನೋಂದಣಿ ಕಡ್ಡಾಯ ಅಲ್ಲ, ಅದು ನನಗೆ ಗೊತ್ತು. ನಮ್ಮ ಲೆಕ್ಕದ ವಿಭಾಗಕ್ಕೆ ಗೊತ್ತು ಮಾಡಿಸುವಷ್ಟರಲ್ಲಿ ಸಾಕಾಯಿತು. ಅದರ ಮೇಲೆ ಮೂರು ಕೊಟೇಶನ್ ಬೇಕು ಅಂದರು. ಕೈಯಲ್ಲಿ ಬೋರ್ಡ್ ಬರೆಯುವವರು ಇನ್ನಿಬ್ಬರನ್ನು ಈಗ ಎಲ್ಲಿಂದ ತರಲಿ? ಅಜ್ಜ ಬಿಲ್ಲನ್ನು ಬಿಳಿ ಹಾಳೆಯ ಮೇಲೆ ಬರೆದು ಕೊಟ್ಟರು. ಅಕ್ಷರ ಎಷ್ಟು ಚೆಂದ ಅಂದರೆ ಗುಮಾಸ್ತರು ಅದನ್ನು ಪ್ರಿಂಟ್ ಮಾಡಿಸಿದ್ದು ಅಂದುಕೊಂಡರು. ಕಾಲೇಜು, ಇಲಾಖೆ ಅಂತ ಬಿಲ್ಲು ಪಾಸು ಮಾಡಿಸಬೇಕಾದವರು ಇದನ್ನು ಮೊದಲೇ ಮಾತಾಡಿಕೊಳ್ಳಿ. ಮುಂಗಡ 4,000 ಕೊಡಬೇಕು. ಫೋನ್‌ಪೇ ಮಗನ ಹೆಸರಲ್ಲಿದೆ.

ಮೂರನೆಯದು ಒಂದು ತಪ್ಪು. 1987 ಇರಬೇಕಾದ ಕಡೆ 1978 ಬರೆದಿದ್ದರು. ಹೇಳಿದ ತಕ್ಷಣ ದುಡ್ಡು ಕೇಳದೆ ತಿದ್ದಿಕೊಟ್ಟರು. ಆದರೆ ಬೆಳಕಿಗೆ ಅಡ್ಡಲಾಗಿ ನಿಂತು ನೋಡಿದರೆ ಹಸಿರಿನ ಮೇಲೆ ಬೇರೆ ಹಸಿರು ಕಾಣುತ್ತದೆ. ನನಗೆ ಕಾಣುತ್ತದೆ, ಬೇರೆಯವರಿಗೆ ತೋರಿಸಿಲ್ಲ.

ನ್ಯಾಕ್ ತಂಡದವರು ಬಂದರು. ಬೋರ್ಡಿನ ಮುಂದೆ ಮೂವರೂ ನಿಂತರು. ಪ್ರಾಚಾರ್ಯರು ಕೆಎಎಸ್ ಅಧಿಕಾರಿಯ ಹೆಸರಿನ ಮೇಲೆ ಬೆರಳಿಟ್ಟು ಶುರು ಮಾಡುವಷ್ಟರಲ್ಲಿ ಒಬ್ಬರು, "ಇದು ಕೈಯಲ್ಲಿ ಬರೆದದ್ದಾ? ಯಾರು ಬರೆದವರು?" ಅಂದರು. ಅಜ್ಜ ಯಾವ ಕಾಲೇಜಿಗೂ ಹೋದವರಲ್ಲ. ನಾನೇ ಮುಂದೆ ಬಂದು ನವನಗರದ ದಾರಿ ಹೇಳಿದೆ. ಒಬ್ಬರು ಬರೆದುಕೊಂಡರು ಕೂಡ.

ಒಂದು ಕಂಬಸಾಲಿಗೆ ಹದಿನೈದು, ಎರಡು ಕಂಬಸಾಲು, ಮೂವತ್ತು ಹೆಸರಿಗೆ ಜಾಗ. ನಮ್ಮವು 28. ಕೊನೆಯ ಎರಡು ಸಾಲು ಖಾಲಿ. ಬರೀ ಹಸಿರು ಇದೆ, ಗೆರೆಯೂ ಇಲ್ಲ. ಬೇಕಾದಾಗ ಅಜ್ಜ ನಮ್ಮೂರಿಗೇ ಬಂದು ಬರೆದುಕೊಡುತ್ತಾರೆ. ಅಕ್ಷರಕ್ಕೆ ಎಂಟೇ ರೂಪಾಯಿ, ಬಸ್ ಚಾರ್ಜು ಮತ್ತು ಒಂದು ಊಟ ಬೇರೆ. ಬೋರ್ಡ್ ಹಾಕಿದ ಮೇಲೆ ಆ ಎರಡು ಸಾಲಿಗೆ ಇಲ್ಲಿಯವರೆಗೆ ಏಳು ಜನ ಫೋನ್ ಮಾಡಿದ್ದಾರೆ. ಎಂಟನೆಯ ಫೋನು ರಾಜಕಾರಣಿಯವರದು, ಅಡ್ಡಗೆರೆ ಯಾಕೆ ಅಂತ. ಯಾರಿಗೂ ನಾನು ಅಜ್ಜನ ನಂಬರ್ ಕೊಟ್ಟಿಲ್ಲ. ಕೊಟ್ಟರೂ ಅವರು ಎತ್ತುವುದಿಲ್ಲ.